ಮೂರು ಗೀಟು ಒಂದು ಚುಕ್ಕಿ

ನನಗ ಸಿಟ್ಟು ಮೂಗಿನ ತುದಿ ಮ್ಯಾಲೇ ಇರ್ತದ ಅಂತ ಚಿತ್ತಾಪುರದಾಗ ಯಾರನ್ನ ಕೇಳಿದ್ರೂ ಹೇಳ್ತಾರ. ಹೆಸರು ಗುರುದೇವಿ. ಹೈಸ್ಕೂಲಿನಾಗ ಹದಿನೇಳು ವರ್ಷದಿಂದ ಗಣಿತ ಕಲಸಾಕತ್ತೀನಿ. ಹುಡುಗೂರು ಹಿಂದಿಂದ ನನಗ ‘ಖಾರಪುಡಿ ಮಿಸ್’ ಅಂತಾರ. ಅನ್ಲಿ ಬಿಡ್ರಿ, ಖಾರ ಇಲ್ಲದ ಅಡಗಿ ಯಾರು ತಿಂತಾರ? ಈ ಕತಿ ಹೇಳೂದು ನನಗ ಬ್ಯಾಡಾಗಿತ್ತು. ಆದ್ರ ಹೇಳದೇ ಇದ್ರ ಎದಿ ಒಡಿತದ. ಅದಕ್ಕ ಹೇಳ್ತೀನಿ. ನಡುವ ಯಾರೂ ಬಾಯಿ ಹಾಕಬ್ಯಾಡ್ರಿ.

ಮೊಬೈಲಿನಾಗ ‘ಲೆಕ್ಕದ ಕಟ್ಟಿ’ ಅಂತ ಒಂದು ಜಾಗ ಅದ. ಬೀದರದಿಂದ ಚಾಮರಾಜನಗರದ ತನಕ ಕನ್ನಡ ಸಾಲಿ ಹುಡುಗೂರು ತಮಗ ಬರದ ಲೆಕ್ಕಾನ ಫೋಟೋ ಹೊಡದು ಅಲ್ಲಿ ಹಾಕ್ತಾರ. ಗೊತ್ತಿದ್ದವರು ಬಿಡಿಸಿ ತೋರಸ್ತಾರ. ಪುಕ್ಕಟ. ಅಲ್ಲಿ ಯಾರು ಭಾಳ ಉತ್ತರ ಕೊಡ್ತಾರ ಅವ್ರನ್ನ ‘ಕಟ್ಟಿ ಹಿರಿಯರು’ ಅಂತ ಮಾಡ್ತಾರ. ಯಾರ ಪೋಸ್ಟ್ ಇರಬೇಕು, ಯಾರದು ತೆಗೀಬೇಕು, ಯಾರು ಏನ ತಿದ್ದಬಹುದು, ಎಲ್ಲಾ ಹಿರಿಯರ ಕೈಯಾಗ. ನಾನೂ ಒಬ್ಬಾಕಿ ಹಿರಿಯಾಕಿ. ನಲವತ್ತೊಂದಕ್ಕೇ ಹಿರಿತನ ಬಂತಲ್ರೀ ಅಂತ ನಮ್ಮ ಸಾಲಿ ಉರ್ದು ಮಾಸ್ತರ್ ಶೌಕತ ಅಲಿ ಚಾಷ್ಟಿ ಮಾಡ್ತಿದ್ರು. ನಾನು ಖುಷಿ ಪಡ್ತಿದ್ದೆ. ಮನ್ಯಾಗ ನಾ ಒಬ್ಬಾಕೇ. ಸಾಲಿ ಬಿಟ್ಟು ಬಂದು ಚಾ ಇಟ್ಟುಕೊಂಡು ಕುಂತ್ರ ಆ ಕಟ್ಟಿನೇ ನನ್ನ ಸಂಸಾರ ಆಗಿತ್ತು.

ಅಲ್ಲಿ ಏಳನೇ ನಿಯಮ ಅಂತ ಒಂದದ. ‘ಉತ್ತರ ಬಂದ ಪ್ರಶ್ನೆಯನ್ನು ಅಳಿಸುವಂತಿಲ್ಲ. ಚಿತ್ರವನ್ನು ತೆಗೆಯುವಂತಿಲ್ಲ. ತಿದ್ದುವವರು ಕಾರಣ ಬರೆಯಬೇಕು, ಹಿರಿಯರು ಒಪ್ಪಬೇಕು.’ ಅದನ್ನ ಬರದಾಕಿ ನಾನೇ. ಯಾಕಂದ್ರ ಈ ಹುಡುಗೂರು ಭಾಳ ಶಾಣ್ಯಾ ಅವ. ಲೆಕ್ಕ ಹಾಕೂದು, ಉತ್ತರ ಬರೂದೇ ತಡ ನಕಲ ಮಾಡಿಕೊಂಡು ಪ್ರಶ್ನೆ ಅಳಸಿಬಿಡೂದು. ಮಾಸ್ತರು ನೋಡಬಾರ್ದು, ಅಪ್ಪ ನೋಡಬಾರ್ದು. ನಾಳೆ ಇನ್ನೊಬ್ಬ ಹುಡುಗ ಅದೇ ಲೆಕ್ಕ ಹುಡುಕಿಕೊಂಡು ಬಂದ್ರ ಅಲ್ಲಿ ಏನೂ ಇರ್ತಿರಲಿಲ್ಲ. ತಾಸುಗಟ್ಟಲೆ ಕುಂತು ಬಿಡಿಸಿದಾವ್ರು ಏನ ಹುಚ್ಚರೇನು? ಅದಕ್ಕ ನಾ ಜಗಳಾ ತಗದು ಆ ನಿಯಮ ಮಾಡಿಸಿದೆ. ಮಾತು ಆಡಿದ್ರ ಹೋಯ್ತು, ಮುತ್ತು ಒಡದ್ರ ಹೋಯ್ತು, ಪ್ರಶ್ನೆ ಹಾಕಿದ್ರ ಹಾಕಿದ್ದೇ ಅಂತ ಅದರ ಕೆಳಗ ಬರದೂ ಇಟ್ಟೆ.

ಕಾರಣ ಬರೀಲಿಕ್ಕೆ ನಲವತ್ತು ಅಕ್ಷರದ ಒಂದು ಡಬ್ಬಿ. ಅದರಾಗ ಹುಡುಗೂರು ಬರಿಯೂದು ಬರೀ ಇಷ್ಟೇ: ಅಪ್ಪ ಬೈತಾನ, ಅವ್ವ ಹೊಡಿತಾಳ, ಮಿಸ್ ಪ್ಲೀಸ್. ದಿನಾ ಹತ್ತು ಇಪ್ಪತ್ತು ಬರ್ತಿದ್ವು. ಮೊದಲ ಮೊದಲ ಓದಿ ನಗ್ತಿದ್ದೆ. ಆಮ್ಯಾಲ ಓದೂದೂ ಬಿಟ್ಟೆ.

ಫೆಬ್ರವರಿ ತಿಂಗಳು. ಹತ್ತನೇತ್ತ ಪರೀಕ್ಷೆಗೆ ಇನ್ನ ಆರು ವಾರ. ಒಂದು ಸೋಮವಾರ ಸಾಲಿ ಬಿಟ್ಟು ಬಂದು ಮೊಬೈಲ್ ತೆಗದ್ರ ‘ಗಂಗಾ’ ಅನ್ನೋ ಹೆಸರಿನಾಗ ಒಂದು ಪ್ರಶ್ನೆ ಬಂದಿತ್ತು. ಖೋಲಿ ಉದ್ದ ಅಗಲಕ್ಕಿಂತ ಮೂರು ಮೀಟರ್ ಹೆಚ್ಚು, ವಿಸ್ತೀರ್ಣ ನಲವತ್ತು, ಅಳತಿ ಎಷ್ಟು ಅಂತ. ಲೆಕ್ಕ ದೊಡ್ಡದಲ್ಲ. ಹುಡುಗಿ ಛಲೋ ಮಾಡಿದ್ಳು. ಐದು ಒಂದು ಬಂದದ, ಮೈನಸ್ ಎಂಟು ಒಂದು ಬಂದದ, ಎರಡರಾಗ ಯಾವುದು ಹಿಡೀಬೇಕು ಅಂತ ತಿಳೀದೇ ಕುಂತಿದ್ಳು.

ನಾ ನೋಡಿದ್ದು ಲೆಕ್ಕ ಅಲ್ಲ, ಅದು ಬರದ ಜಾಗ. ಹುಡುಗಿ ನೋಟಬುಕ್ಕಿನಾಗ ಬರದಿದ್ದಿಲ್ಲ. ಮನಿ ನೆಲದ ಪರಸಿ ಮ್ಯಾಲ ಚಾಕಪೀಸಿನಿಂದ ಬರದು ಫೋಟೋ ಹೊಡದಿದ್ಳು. ನಮ್ಮ ಕಡಿ ಹಂಗೇರಿ. ಮನಿತುಂಬ ಶಹಾಬಾದ ಕಲ್ಲು ಇರೂವಾಗ ಕಚ್ಚಾ ಲೆಕ್ಕಕ್ಕ ಕಾಗದ ಯಾಕ ಹಾಳು ಮಾಡಬೇಕು? ಬರಿಯೂದು, ಹಸಿ ಅರಬಿಲೆ ಒರಸೂದು. ನಾನೂ ಹಂಗೇ ಕಲ್ತಾಕಿ. ಆ ಫೋಟೋದ ಮೂಲ್ಯಾಗ, ಪರಸಿ ಅಂಚಿಗೆ, ಕೆಂಪು ಬಣ್ಣದಾಗ ಮೂರು ಗೀಟು, ಅದರ ಬಾಜೂಕ ಒಂದು ಚುಕ್ಕಿ. ಮೂರನೇ ಗೀಟು ಜರಾ ಸೊಟ್ಟ.

ನನ್ನ ಕೈಯಾಗಿನ ಚಾ ಹಂಗೇ ನಿಂತಿತು. ಅದು ನಮ್ಮಪ್ಪನ ಕೈ.

ನಮ್ಮಪ್ಪ ದೇವಿಂದ್ರಪ್ಪ ಶಹಾಬಾದದಾಗ ಒಂದು ಪರಸಿ ಪಾಲಿಶ್ ಕಾರ್ಖಾನಿಯೊಳಗ ಗುರುತು ಹೊಡಿಯೋ ಕೆಲಸಕ್ಕಿದ್ದ. ಲಾರಿಗೆ ಹೋಗೂ ಮುಂದ ಒಂದೊಂದು ಕಲ್ಲಿಗೂ ಕಾರ್ಖಾನಿ ಗುರುತು ಹಾಕಬೇಕು. ಅಪ್ಪಗ ಬಲಗೈ ಹೆಬ್ಬಟ್ಟು ಕಲ್ಲಾಗ ಸಿಕ್ಕು ಮುರದಿತ್ತು, ಅದಕ್ಕ ಮೂರನೇ ಗೀಟು ಯಾವತ್ತೂ ಸೊಟ್ಟ. ಗುರುತು ಹಾಕಿದ ಮ್ಯಾಲ ಮೂಲಿ ಮುರದ ಕಲ್ಲು ಲಾರಿಗೆ ಹೋಗ್ತಿರಲಿಲ್ಲ. ಅವನ್ನ ಕೆಲಸದಾವ್ರಿಗೆ ಕೊಡ್ತಿದ್ರು. ಕಾರ್ಖಾನಿ ಹಿಂದಿನ ಓಣ್ಯಾಗ ನಾವು ಹದಿನಾರು ಮನಿಯವ್ರು ಅವೇ ಕಲ್ಲು ಹಾಸಿಕೊಂಡಿದ್ವಿ, ಗುರುತು ಮ್ಯಾಲಾಗಿಯೇ. ರೊಕ್ಕ ಕೊಟ್ಟು ಕೊಂಡಾವ್ರು ಗುರುತು ಕೆಳಗ ಮಾಡಿ ಹಾಸ್ತಿದ್ರು. ಕಾರ್ಖಾನಿ ಮುಚ್ಚಿ ಇಪ್ಪತ್ತು ವರ್ಷ ಆಯ್ತು. ಅಪ್ಪ ಹೋಗಿ ಹನ್ನೊಂದು. ಅಪ್ಪಂದು ಒಂದು ಫೋಟೋ ಸುದ್ದ ನನ್ನ ಹತ್ರ ಇಲ್ಲ. ಈಗ ಇಲ್ಲಿ, ಯಾವುದೋ ಹುಡುಗಿ ಲೆಕ್ಕದ ಬಾಜೂಕ, ಅಂವ ಹೊಡದ ಗೀಟು.

ಅತ್ತೆ. ಖರೇನೇ ಅತ್ತುಬಿಟ್ಟೆ. ಕಣ್ಣು ಒರಸಿಕೊಂಡು ಉತ್ತರ ಬರದೆ: ‘ಮೈನಸ್ ಎಂಟು ಬಿಟ್ಟುಬಿಡು ತಂಗಿ. ಖೋಲಿ ಅಳತಿ ಸೊನ್ನೆಕಿಂತ ಕಡಿಮಿ ಇರಂಗಿಲ್ಲ. ಅಗಲ ಐದು, ಉದ್ದ ಎಂಟು.’ ಅಷ್ಟಕ್ಕ ಬಿಡಬೇಕಾಗಿತ್ತು. ಬಿಡಲಿಲ್ಲ. ಅದರ ಕೆಳಗ ಬರದೆ: ‘ನೀ ಕುಂತ ಪರಸಿ ಮ್ಯಾಲ ಮೂರು ಗೀಟು ಒಂದು ಚುಕ್ಕಿ ಅದ ನೋಡು. ಅದು ಶಹಾಬಾದದಾಗ ಮೂರು ಗೀಟಿನ ಕಾರ್ಖಾನಿ ಹಿಂದಿನ ಓಣ್ಯಾಗ ಬಿಟ್ರ ಬ್ಯಾರೆ ಎಲ್ಲೂ ಇಲ್ಲ. ಆ ಗೀಟು ಹೊಡದಾವ ನಮ್ಮಪ್ಪ. ನೀ ನಮ್ಮ ಓಣಿ ಮಗಳು!’

ಮಂಗಳವಾರ ಮುಂಜಾನೆ ನೋಡ್ತೀನಿ, ಗಂಗಾ ತನ್ನ ಪ್ರಶ್ನೆ ಪೂರಾ ಅಳಸಿ ಅಲ್ಲಿ ಒಂದು ಚುಕ್ಕಿ ಇಟ್ಟಾಳ. ಫೋಟೋನೂ ತಗದಾಳ. ಅದು ನನ್ನ ಒಪ್ಪಿಗಿಗೆ ಕಾಯಾಕತ್ತಿತ್ತು. ಕಾರಣ: ‘ತೆಗೀರಿ ಮಿಸ್ ಪ್ಲೀಸ್.’ ನನಗ ಮೈ ಉರೀತು. ಅಲ್ಲ, ಅಷ್ಟು ಪ್ರೀತಿಲೆ ಬರದೀನಿ, ನಮ್ಮಪ್ಪನ ಮಾತು ಬರದೀನಿ, ಈ ಹುಡುಗಿಗೆ ಉತ್ತರ ಸಿಕ್ಕ ಕೂಡ್ಲೇ ನಾನೂ ಬ್ಯಾಡಾದೆನಾ? ‘ಒಪ್ಪಿಗೆ ಇಲ್ಲ’ ಒತ್ತಿದೆ. ಪ್ರಶ್ನೆ, ಫೋಟೋ ಎಲ್ಲಾ ಇದ್ದಲ್ಲೇ ಉಳೀತು.

ಮಧ್ಯಾಹ್ನ ಊಟಕ್ಕ ಬಿಟ್ಟಾಗ ಮತ್ತ ಬಂತು. ಕಾರಣ: ‘ಅಪ್ಪ ನೋಡ್ತಾನ್ರೀ ಮಿಸ್.’

ನೋಡ್ರಿ, ಬಂತಲ್ಲ ಹಳೇ ರಾಗ ಅಂದೆ. ಬಾಜೂಕ ಕುಂತ ಶೌಕತ ಮಾಸ್ತರಿಗೂ ತೋರಸಿದೆ. ಅವ್ರು, ‘ಹೋಗ್ಲಿ ಬಿಡ್ರೀ ಟೀಚರ್, ಕೂಸು, ಒಂದು ಫೋಟೋ ತಗದ್ರ ನಿಮ್ಮ ಗಂಟೇನ ಹೋಗ್ತದ?’ ಅಂದ್ರು. ‘ಇವತ್ತ ಒಬ್ಬಾಕಿಗಿ ಬಿಟ್ರ ನಾಳೆ ಹತ್ತು ಮಂದಿ ಬರ್ತಾರ. ನಿಯಮ ಅಂದ್ರ ನಿಯಮ’ ಅಂದೆ. ಅಂದು, ಎಲ್ಲಾರಿಗೂ ಕಾಣೂ ಹಂಗ ಅಕಿ ಪ್ರಶ್ನೆ ಕೆಳಗ ಬರದೆ: ‘ಅಪ್ಪಗ ಅಂಜಾವ್ರು ಲೆಕ್ಕ ತಾವೇ ಮಾಡಬೇಕು.’ ಇಪ್ಪತ್ತೆಂಟು ಹುಡುಗೂರು ಅದಕ್ಕ ನಗೂ ಮಾರಿ ಒತ್ತಿದ್ರು. ಆಮ್ಯಾಲ ಆ ಪ್ರಶ್ನೆಗೆ ಕೀಲಿ ಹಾಕಿದೆ. ಕೀಲಿ ಹಾಕಿದ್ರ ತಿದ್ದೋ ಅರ್ಜಿ ಹಿರಿಯರ ತನಕ ಬರಂಗಿಲ್ಲ, ತಾನೇ ತಿರಗಿ ಹೋಗ್ತದ. ಪೀಡಾ ಕಳೀತು ಅಂದುಕೊಂಡೆ.

ಶುಕ್ರವಾರ ನಾಕು ಗಂಟೆಕ್ಕ ಗಂಗಾ ಖಾತೆಯಿಂದ ನನ್ನ ಉತ್ತರಕ್ಕ ಐದಕ್ಕ ಐದು ಚಿಕ್ಕಿ, ಅಂದ್ರ ಸ್ಟಾರ್, ಬಂದ್ವು. ‘ಉಪಕಾರ ಆಯ್ತು ಮೇಡಮ್ರೀ’ ಅಂತ ಒಂದು ಸಾಲು. ಉತ್ತಮ ಉತ್ತರ ಅಂತ ಹಸರು ಪಟ್ಟಿನೂ ಬಂತು. ನೋಡಿದ್ರ್ಯಾ, ಹುಡುಗಿಗೆ ಬುದ್ಧಿ ಬಂತು ಅಂದೆ. ಮೂರು ದಿನದ ಹಿಂದ ‘ಮಿಸ್’ ಅಂದಾಕಿ ಇವತ್ತ ‘ಮೇಡಮ್ರೀ’ ಅಂತ ಯಾಕ ಬರದಾಳ ಅಂತ ಒಂದು ಸಲ ಮನಸ್ಸಿಗಿ ಬಂದಿತ್ತು. ಮರ್ಯಾದಿ ಕಲ್ತಾಳ ಅಂದುಕೊಂಡು ಮೊಬೈಲ್ ಇಟ್ಟೆ.

ಐತವಾರ ಹತ್ತು ಗಂಟೆಕ್ಕ ಬಾಗಲ ಮುಂದ ಒಬ್ಬಾಕಿ ಮುದುಕಿ ನಿಂತಿದ್ಳು. ಶಹಾಬಾದದಿಂದ ಬಂದು ವಾಡಿಯೊಳಗ ಗಾಡಿ ಬದಲ ಮಾಡಿ, ಸ್ಟೇಷನ್ನಿನಿಂದ ಗಣಿತದ ಮಿಸ್ ಮನಿ ಎಲ್ಲಿ ಅಂತ ಕೇಳಿಕೋತ ನಡದು ಬಂದಿದ್ಳು. ಬಿಸಲಿಗೆ ಮಾರಿ ಕಪ್ಪಿಟ್ಟಿತ್ತು.

‘ದೇವಿಂದ್ರಪ್ಪ ಚಾಚಾನ ಮಗಳು ಗುರುದೇವಿ ನೀನೇ ಅಲ್ಲೇನು ಬೇಟಾ? ನಾ ಜಾನಬಿ. ಓಣಿ ಕಡೀ ಮನಿ. ನೀ ಸಣ್ಣಾಕಿದ್ದಾಗ ನಮ್ಮ ಪಡಸಾಲ್ಯಾಗ ಲೆಕ್ಕ ಗೀಚಿ ಗೀಚಿ ಇಡ್ತಿದ್ದಿ, ನಾ ಬೈಕೋತ ಒರಸ್ತಿದ್ದೆ.’

ನೆಪ್ಪಾಯ್ತು. ‘ಬಾ ಖಾಲಾ, ಒಳಗ ಬಾ, ಕುಂದ್ರು’ ಅಂತ ಕೈ ಹಿಡದೆ. ನೀರು ಕೊಟ್ಟೆ. ಅಕಿ ನೀರು ಕುಡೀಲಿಲ್ಲ. ತಂಬಗಿ ಹಿಡಕೊಂಡೇ ಕುಂತ್ಳು.

‘ಮೂರು ಗೀಟಿನ ಮಾತು ಮೊಬೈಲಿನಾಗ ಬರದದ್ದು ನೀನೇನು?’

ಹೌದು ಅಂದೆ.

ಜಾನಬಿ ಹೇಳಿದ್ಳು. ಚಿಂಚೋಳಿ ತಾಲೂಕಿನಾಗ ಐನಾಪುರದ ಆಚಿಗೆ ಒಂದು ಹಳ್ಳಿ. ಅಲ್ಲಿ ಅಶೋಕಕುಮಾರ ಅಂತ ಒಬ್ಬಾವ. ಹೆಂಡ್ತಿ ಚಂದಮ್ಮ, ಒಬ್ಬಾಕೇ ಮಗಳು ಶಿವಗಂಗಾ. ಸೇಡಂದಾಗಿನ ತನ್ನ ಅಕ್ಕನ ಮಗನಿಗೆ ಮಗಳನ್ನ ಕೊಡಬೇಕಂತ ಅಂವ ಮಾತು ಕೊಟ್ಟುಬಿಟ್ಟಿದ್ದ. ಹುಡುಗಿಗೆ ಹದಿನೈದು, ಹುಡುಗಗ ಮೂವತ್ತು. ಸಾಲಿ ಸಾಕು ಅಂದ. ಚಂದಮ್ಮ ಒಲ್ಲೆ ಅಂದಿದ್ದಕ್ಕ ಕೈ ಮುರಿಯೂ ಹಂಗ ಹೊಡದ. ದೀಪಾವಳಿ ಆದ ಮ್ಯಾಲ ತಾಯಿ ಮಗಳು ಉಟ್ಟ ಬಟ್ಟಿ ಮ್ಯಾಲ ಹೊಂಟು ಬಂದಿದ್ರು. ಚಂದಮ್ಮಗ ಜಾನಬಿ ಎಂದೋ ಒಂದು ಮದಿವ್ಯಾಗ ಪರಿಚಯ. ಜಾನಬಿ ಒಂದು ಖೋಲಿ ಬಿಟ್ಟುಕೊಟ್ಳು. ಹುಡುಗಿನ ಅಲ್ಲೇ ಸಾಲಿಗೆ ಹಚ್ಚಿದ್ರು. ಹತ್ತನೇತ್ತ ಒಂದು ಮುಗೀಲಿ, ಆಮ್ಯಾಲ ಹಾಸ್ಟೆಲಿನಾಗ ಸೇರಸ್ತೀನಿ, ಅಲ್ಲೀ ತನಕ ಅಂವಗ ಖಬರ ಹತ್ತಬಾರ್ದು ಅಂತ ಚಂದಮ್ಮ ದಿನಾ ದೇವರಿಗೆ ಕೈ ಮುಗೀತಿದ್ಳಂತ.

‘ನನ್ನ ಮೊಬೈಲಿನಾಗ ಲೆಕ್ಕ ಕೇಳಿದ್ಳು ಬೇಟಾ. ಕರೋನಾದಾಗ ಅವರಪ್ಪನೇ ತಗದು ಕೊಟ್ಟಿದ್ದ ಖಾತೆ ಅಂತ ಅದು. ಮೊದಲ ಲಕ್ಷ್ಯ ಬರಲಿಲ್ಲ. ನಿನ್ನ ಉತ್ತರ ಓದಿ ಕುಣದಾಡಿದ್ಳು. ಖಾಲಾ, ಈ ಮಿಸ್ ನಮ್ಮ ಓಣಿಯವ್ರಂತ, ಈ ಗೀಟು ಅವರಪ್ಪ ಹೊಡದದ್ದಂತ! ನಾನೂ ಖುಷಿ ಪಟ್ಟೆ. ಆಮ್ಯಾಲ ಕೆಳಗ ಸಣ್ಣ ಅಕ್ಷರ ಕಂಡ್ವು. ಉತ್ತರ ಬಂದದ್ದನ್ನ ನಿಮ್ಮ ಇಮೇಲಿಗೆ ತಿಳಿಸಲಾಗಿದೆ ಅಂತ. ಇಮೇಲ್ ಅವರಪ್ಪಂದು. ಹುಡುಗಿ ಮಾರಿ ಬೆಳ್ಳಗಾತು.’

ಆ ಇಮೇಲಿನಾಗ ಉತ್ತರ ಇರಂಗಿಲ್ಲ, ಬರೀ ಇಲ್ಲಿ ಬಂದು ನೋಡ್ರಿ ಅನ್ನೋ ಕೊಂಡಿ ಇರ್ತದ. ಅದು ನನಗ ಗೊತ್ತದ. ಮಂಗಳವಾರ ನಾ ಅಳಸಿದ್ರ ಅಂವ ಬಂದು ನೋಡಿದ್ರೂ ಏನೂ ಸಿಗ್ತಿರಲಿಲ್ಲ.

‘ಚಂದಮ್ಮ ಅವತ್ತೇ ಹೋಗೂಣು ಅಂದ್ಳು. ಬ್ಯಾರೆ ಊರಿಗೆ ಹೋಗೂಣು ಅಂತ ಗಂಟು ಕಟ್ಟಿದ್ಳು. ನಾನೇ ತಡದೆ ಬೇಟಾ. ಮಿಸ್ ನಮ್ಮ ಓಣಿ ಮಗಳು, ದೇವಿಂದ್ರಪ್ಪ ಚಾಚಾನ ಮಗಳು, ಕೂಸು ಕೇಳಿಕೊಂಡದ, ತೆಗೀತಾಳ, ತಡಿ ಅಂದೆ. ಪರೀಕ್ಷಾ ಮುಂದ ಇಟಗೊಂಡು ಎಲ್ಲಿಗಿ ಹೋಗ್ತೀರಿ ಅಂದೆ.’

ಜಾನಬಿ ಸೆರಗಿಲೆ ಮಾರಿ ಒರಸಿಕೊಂಡು ಮುಂದ ಹೇಳಿದ್ಳು.

‘ಶುಕ್ರವಾರ ಹನ್ನೆರಡಕ್ಕ ಜೀಪಿನಾಗ ನಾಕು ಮಂದಿ ಬಂದ್ರು. ಸ್ಟೇಷನ್ ಮುಂದ ಅವರಪ್ಪ ಮೊಬೈಲ್ ತೋರಸಿ, ಮೂರು ಗೀಟಿನ ಓಣಿ ಯಾವುದು ಅಂತ ಕೇಳಿಕೋತ ಬಂದಾನ. ಮಂದಿ ಕೈ ಮಾಡಿ ತೋರಸ್ಯಾರ. ಅವ್ರಿಗೇನ ಗೊತ್ತು? ಮನಿ ಮನಿ ಹೊಕ್ಕು ನೆಲ ನೋಡಿದ. ನಮ್ಮ ಮನ್ಯಾಗ ಹುಡುಗಿ ಬರದ ಲೆಕ್ಕ ಇನ್ನ ಹಂಗೇ ಇತ್ತು. ಹುಡುಗಿ ಬಾಗಲ ಚೌಕಟ್ಟು ಹಿಡದು ಬಿಡಲಿಲ್ಲ ಬೇಟಾ. ಬೆರಳು ಒಂದೊಂದ ಬಿಡಿಸಿ ತಾಯಿ ಮಗಳನ್ನ ಒಯ್ದ್ರು. ನನ್ನ ಹೆಂಡ್ತಿ, ನನ್ನ ಮಗಳು, ಕೇಳಾವ್ರು ಯಾರು ಅಂದ. ಅಂಜಿ ಯಾರೂ ಬಾಯಿ ತಗೀಲಿಲ್ಲ. ನಾನೂ ತಗೀಲಿಲ್ಲ.’

ಶುಕ್ರವಾರ ನಾಕು ಗಂಟೆ. ಐದು ಚಿಕ್ಕಿ. ಉಪಕಾರ ಆಯ್ತು ಮೇಡಮ್ರೀ. ಜೀಪು ಅಷ್ಟೊತ್ತಿಗೆ ಊರು ಮುಟ್ಟಿರಬೇಕು. ಅಂವ ಕುಂತು, ಸಾವಕಾಶ, ನನಗ ಚಿಕ್ಕಿ ಕೊಟ್ಟಾನ.

ಜಾನಬಿ ತಂಬಗಿ ನೆಲಕ್ಕ ಇಟ್ಳು. ‘ಕೂಸು ಮೂರು ಸಲ ಕೇಳಿಕೊಂಡ್ಳಂತ. ನಿನಗ ಮುಟ್ಟಲಿಲ್ಲೇನು ಬೇಟಾ?’ ಅಂದ್ಳು. ಸಿಟ್ಟಿಲೆ ಅಲ್ಲರೀ. ಖರೇನೇ ಕೇಳಿದ್ಳು. ಮೊಬೈಲಿನಾಗ ಏನೋ ಕೆಟ್ಟಿರಬೇಕು, ಅದಕ್ಕ ನನಗ ಮುಟ್ಟಿಲ್ಲ ಅಂತ ಅಕಿ ತಿಳಕೊಂಡಿದ್ಳು. ಹೌದು ಖಾಲಾ, ಮುಟ್ಟಲಿಲ್ಲ ಅಂತ ಅನ್ನಬಹುದಿತ್ತು. ಬಾಯಿತನಕ ಬಂದಿತ್ತು.

‘ಮುಟ್ಟಿತ್ತು ಖಾಲಾ. ನಾನೇ ಒಲ್ಲೆ ಅಂದೆ’ ಅಂದೆ.

ಅಕಿ ಎದ್ದು ಚಪ್ಪಲಿ ಮೆಟ್ಟಿಕೊಂಡ್ಳು. ಊಟ ಮಾಡಿ ಹೋಗು ಅಂದ್ರ ಗಾಡಿ ಟೈಮ್ ಆಯ್ತು ಅಂದ್ಳು. ಗಾಡಿಗೆ ಇನ್ನ ಎರಡು ತಾಸಿತ್ತು.

ಅಕಿ ಹೋದ ಮ್ಯಾಲ ಕೀಲಿ ಹಾಕಿದ ಪ್ರಶ್ನೆಗಳ ಕಡತ ತಗದೆ. ತಿರಗಿ ಹೋದ ಅರ್ಜಿ ಎಲ್ಲಾ ಅಲ್ಲಿ ಬಿದ್ದಿರ್ತಾವ. ಬುಧವಾರ ಮುಂಜಾನೆ ಗಂಗಾದು ಒಂದಿತ್ತು. ಪ್ರಶ್ನೆ ಹಂಗೇ ಬಿಟ್ಟಿದ್ಳು. ಫೋಟೋ ಮಾತ್ರ ಬದಲಿ ಮಾಡಿ, ಲೆಕ್ಕಾನ ಕಾಗದದ ಮ್ಯಾಲ ದುಂಡಗ ಬರದು ಹಾಕಿದ್ಳು, ನಿಯಮ ಮುರೀಬಾರ್ದು ಅಂತ. ನನ್ನ ಉತ್ತರದಾಗಿನ ಓಣಿ ಮಾತು ಅಕಿ ಕೈಯಾಗ ಇರಲಿಲ್ಲ. ಅದಕ್ಕ ಕಾರಣದ ಡಬ್ಬ್ಯಾಗ ಬರದಿದ್ಳು: ‘ಮಿಸ್ ಊರಿನ ಹೆಸರು ತೆಗೀರಿ, ನಾವು ಇಲ್ಲಿರೋದು ಅಪ್ಪಗ ಗೊತ್ತಿಲ್ಲ, ಅವ್ವಗ ಹೊಡದು’. ಅಲ್ಲಿಗೆ ನಲವತ್ತು ಅಕ್ಷರ ಮುಗದಿದ್ವು.

ಅವತ್ತೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಅವ್ರು ಪಾಪ ಮರುದಿನ ಮುಂಜಾನೆನೇ ಹಳ್ಳಿಗೆ ಹೋದ್ರು. ಮನಿಗೆ ಕೀಲಿ. ತೆಲಂಗಾಣದ ಕಡಿ ಬೀಗರ ಮನಿಗೆ ಹೋಗ್ಯಾರ ಅಂತ ಬಾಜೂದವ್ರು ಹೇಳಿದ್ರಂತ. ಯಾವ ಊರು ಅಂದ್ರ ಯಾರಿಗೂ ಗೊತ್ತಿಲ್ಲ. ಸೇಡಂದಾಗ ಹುಡುಗನ ಮನಿಗೂ ಕೀಲಿ. ನಾನೂ ರಜಾ ಹಾಕಿ ಎರಡು ಸಲ ಹೋಗಿ ಬಂದೆ. ಕೀಲಿ ನೋಡಿ ಬಂದೆ ಅಷ್ಟೇ.

ಶಹಾಬಾದಕ್ಕೂ ಹೋದೆ. ಜಾನಬಿ ಬಾಗಲ ತಗದು ಬಾಜೂಕ ಸರದ್ಳು. ಖೋಲಿ ನೆಲದ ಮ್ಯಾಲ ಲೆಕ್ಕ ಹಂಗೇ ಇತ್ತು, ಮಂದಿ ಕಾಲು ತುಳದು ಅರ್ಧ ಅಳಸಿತ್ತು. ಮೈನಸ್ ಎಂಟು ಅನ್ನೂದಕ್ಕ ನಾ ಹೇಳಿದ ಹಂಗ ಅಡ್ಡ ಗೀಟು ಹಾಕಿದ್ಳು. ಅದರ ಬಾಜೂಕ ಅಪ್ಪನ ಗುರುತು. ಮುಟ್ಟಬೇಕಂತ ಎಷ್ಟೋ ದೂರದಿಂದ ಹೋಗಿದ್ದೆ. ಮುಟ್ಟಲಿಕ್ಕೆ ಕೈ ಬರಲಿಲ್ಲ.

ಪರೀಕ್ಷಾ ಸುರು ಆದ ದಿನ ಜಾನಬಿ ಹುಡುಗಿ ಸಾಲಿ ಗೇಟಿನ ಮುಂದ ಹೋಗಿ ನಿಂತಿದ್ಳಂತ, ಬಂದ್ರೂ ಬಂದಾಳು ಅಂತ. ಶಿವಗಂಗಾನ ಬೆಂಚು ಖಾಲಿ ಇತ್ತಂತ. ಅದಾದ ಎರಡನೇ ವಾರ ಜಾನಬಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಫೋನ್ ಬಂತು. ಚಂದಮ್ಮ. ‘ಲಗ್ನ ಆಗಿಹೋಯ್ತು ಜಾನಬಿ. ಗಂಗಾನ ಪುಸ್ತಕ ಯಾರಿಗರೆ ಕೊಟ್ಟುಬಿಡು’ ಅಂದ್ಳಂತ. ಮತ್ತ ಆ ನಂಬರ್ ಹತ್ತಲಿಲ್ಲ. ಜಾನಬಿ ನನಗ ಅಷ್ಟು ಹೇಳಿ ಫೋನ್ ಇಟ್ಳು.

ಸಹಾಯವಾಣಿಯವ್ರಿಗೆ ಅದನ್ನೂ ತಿಳಿಸಿದೆ. ಹುಡುಕಾಕತ್ತೀವಿ ಅಂದ್ರು. ಹುಡುಕಾಕತ್ತಾರ.

ಕಟ್ಟಿ ಮ್ಯಾಲ ಆ ಪ್ರಶ್ನೆ ಇನ್ನೂ ಇತ್ತು. ಸಹಾಯವಾಣಿಯವ್ರು ಅದರ ನಕಲು ತಗೊಂಡಿದ್ರು, ಇನ್ನ ಇಟ್ಟು ಉಪಯೋಗ ಇರಲಿಲ್ಲ. ಉತ್ತಮ ಉತ್ತರ ಅನ್ನೋ ಹಸರು ಪಟ್ಟಿ, ಐದು ಚಿಕ್ಕಿ, ಅಪ್ಪಗ ಅಂಜಾವ್ರು ಲೆಕ್ಕ ತಾವೇ ಮಾಡಬೇಕು, ಈಗ ನಲವತ್ತಮೂರು ನಗೂ ಮಾರಿ. ಹಿರಿಯರಿಗೆ ಮಾತ್ರ ಕಾಣೂ ಹಂಗ ಮೂಲ್ಯಾಗ ಒಂದು ಗುಂಡಿ ಅದ, ‘ಅಳಿಸಿ’ ಅಂತ. ಮೊದಲ ದಿನದಿಂದನೂ ಅಲ್ಲೇ ಇತ್ತದು. ಒತ್ತಿದೆ.

‘ಕಾರಣ ಬರೆಯಿರಿ’ ಅಂತು. ನಲವತ್ತು ಅಕ್ಷರದ ಅದೇ ಡಬ್ಬಿ. ನಾ ಗಣಿತದ ಟೀಚರ್ ರೀ, ಹಿರಿಯಾಕಿ, ನಿಯಮ ಬರದಾಕಿ. ಎಷ್ಟೊತ್ತು ಕುಂತ್ರೂ ಒಂದು ಕಾರಣ ಹೊಳೀಲಿಲ್ಲ. ಕಡೀಕ ಅಕಿದೇ ಬರದೆ, ‘ಅಪ್ಪ ನೋಡ್ತಾನ್ರೀ ಮಿಸ್.’

ಒಪ್ಪಿಕೊಂಡ್ತು. ಕಣ್ಣು ಮುಚ್ಚಿ ತೆಗಿಯೂದ್ರಾಗ ಅಳಸಿ ಹೋಯ್ತು.